ಪಾಲೋ, ಪಣವೋ?

ಸದ್ಭಕ್ತರೇ, ಕೈ ಕೆಸರಾಗದೆ ಬಂದ ಲಾಭ ಕಾಯಕದ ಫಲವೆನಿಸೀತೆ? ಷೇರುಪೇಟೆಗೆ ಕಾಲಿಡುವ ಮುನ್ನ ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಷೇರೆಂದರೆ ಉದ್ಯಮವೊಂದರ ಒಡೆತನದಲ್ಲಿ ಪಾಲು. ಸಿಂಧನೂರಿನ ಭತ್ತದ ಗದ್ದೆಯನ್ನು ಪಾಲಿಗೆ ಮಾಡಿದಂತೆ, ಬೆಳೆ ಬಂದರೆ ಲಾಭಾಂಶ, ಒಣಗಿದರೆ ನಷ್ಟ. ದುಡಿದು ಉಳಿಸಿದ ಹಣವನ್ನು ಇನ್ನೊಬ್ಬರ ದುಡಿಮೆಗೆ ಆಸರೆಯಾಗಿಸಿ, ವರ್ಷಗಟ್ಟಲೆ ಕಾಯುವವನು ಪಾಲುದಾರ. ಬೆಳಿಗ್ಗೆ ಕೊಂಡು ಸಂಜೆ ಮಾರಲು ಹವಣಿಸುವವನು ಪಣವೊಡ್ಡುವವನು. ಅವನ ಗಳಿಕೆ ಬಹುತೇಕ ಮತ್ತೊಬ್ಬನ ನಷ್ಟವೇ.

2008ರ ಜನವರಿಯಲ್ಲಿ 21,000 ದಾಟಿದ್ದ ಮುಂಬಯಿ ಪೇಟೆಯ ಸೂಚ್ಯಂಕ ಅದೇ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗಿಳಿಯಿತು. ಆದುದರಿಂದ ಸಾಲದ ಹಣವನ್ನೂ ಬಿತ್ತನೆ ಬೀಜದ ಹಣವನ್ನೂ ಹೂಡಲಾಗದು. ಇದ್ದುದೆಲ್ಲವನ್ನೂ ಒಂದೇ ಕಂಪನಿಗೆ ಸುರಿಯಲಾಗದು. ಸೆಬಿಯಲ್ಲಿ ನೋಂದಾಯಿತರಾದ ದಲ್ಲಾಳಿಗಳ ಮೂಲಕವೇ, ನಿಮ್ಮದೇ ಡಿಮ್ಯಾಟ್ ಖಾತೆಗೆ ಕೊಳ್ಳಿರಿ. ಲಿಂಗಸೂಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ಸರ್ಕಾರಿ ಕಂಪನಿ, ಅದರ ಷೇರು ಪೇಟೆಯಲ್ಲಿಲ್ಲ. ಕೊಡಿಸುವೆನೆಂದು ಬಂದವರನ್ನು ನಂಬದಿರಿ.

1915ರಲ್ಲಿ ಮಸ್ಕಿಯ ಬಂಡೆಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದುದು ಚಿನ್ನವಲ್ಲ, ಅಶೋಕನ ಧರ್ಮಶಾಸನ. ಧನವನ್ನರಸಿ ಹೊರಟ ನಮ್ಮ ಕಣ್ಣಿಗೂ ಧರ್ಮ ಮರೆಯಾಗದಿರಲಿ.