ತೂಗುವವನ ಧರ್ಮ

ದೇಶದ ಪರಮೋಚ್ಚ ನ್ಯಾಯಪೀಠಕ್ಕೆ ಒಬ್ಬರನ್ನು ಆರಿಸುವಾಗ ತೂಗತಕ್ಕದ್ದು ಯಾವುದನ್ನು? ಯೋಗ್ಯತೆಯೊಂದನ್ನೇ ಎಂದು ಹೇಳುವುದು ಸುಲಭ. ಹಾಗೆ ನಡೆಯುವುದು ಸುಲಭವಲ್ಲ.

1932ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಿಂದ ವಯೋವೃದ್ಧರಾದ ಹೋಮ್ಸರು ನಿವೃತ್ತರಾದರು. ಆ ಸ್ಥಾನಕ್ಕೆ ತಕ್ಕವರೆಂದು ನ್ಯಾಯಶಾಸ್ತ್ರಜ್ಞರು ಬಹುಮಂದಿ ಸೂಚಿಸಿದುದು ನ್ಯೂಯಾರ್ಕ್ ಸಂಸ್ಥಾನದ ಮುಖ್ಯ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ ಅವರನ್ನು. ಅಡ್ಡಿಯೆನ್ನಬಹುದಾದ ಸಂಗತಿಗಳು ಮೂರಿದ್ದವು: ಪೀಠದಲ್ಲಿ ನ್ಯೂಯಾರ್ಕಿನವರು ಆಗಲೇ ಇಬ್ಬರಿದ್ದರು, ಯೆಹೂದ್ಯರೊಬ್ಬರಿದ್ದರು, ಕಾರ್ಡೋಜೊ ಅವರಾದರೋ ಅಧ್ಯಕ್ಷ ಹೂವರರ ಪ್ರತಿಪಕ್ಷದವರು.

ಇಂತಹ ಎಣಿಕೆಗಳೆಲ್ಲ ಹುರುಳಿಲ್ಲದುವಲ್ಲ. ವಿಶಾಲವಾದ ದೇಶದಲ್ಲಿ ಎಲ್ಲ ಸೀಮೆಯ, ಎಲ್ಲ ಮತದ ಜನರಿಗೂ ‘ಈ ನ್ಯಾಯಸ್ಥಾನ ನಮ್ಮದು’ ಎಂಬ ನಂಬಿಕೆ ಇರಬೇಕಷ್ಟೆ. ಸಮಾನಯೋಗ್ಯರಿಬ್ಬರು ಎದುರಿಗಿದ್ದಾಗ ಆ ವಿಚಾರವು ನೆರವಾಗಲಿ. ಹಿರಿಯ ಯೋಗ್ಯತೆಯನ್ನು ಹೊರಗಿಡಲು ಅದು ನೆವವಾಗಬಾರದು. ‘ಈತನು ನಮ್ಮ ಕಡೆಗೆ ತೀರ್ಪು ಕೊಟ್ಟಾನೆಯೆ?’ ಎಂಬ ಪ್ರಶ್ನೆಗಂತೂ ತಕ್ಕಡಿಯಲ್ಲಿ ಎಡೆಯೇ ಇಲ್ಲ.

ಹೂವರರು ಕಾರ್ಡೋಜೊ ಅವರನ್ನೇ ಹೆಸರಿಸಿದರು. ಸೆನೆಟ್ ಸಭೆಯು ಒಮ್ಮತದಿಂದ ಒಪ್ಪಿತು. ಪರರ ಪಾಂಡಿತ್ಯವನ್ನು ಅಳೆಯುವುದಕ್ಕೆ ಮೊದಲು ತನ್ನ ಪಕ್ಷಪಾತವನ್ನು ಅಳೆದುಕೊಳ್ಳುವುದು ಆರಿಸುವವನ ಧರ್ಮ.