ಕ್ಷಮೆಯ ಮಾತು ಯಾರ ಭಾಷೆಯಲ್ಲಿರಬೇಕು?



ಶ್ವೇತಾಂಬರ ಬಂಧುಗಳು ಭಾದ್ರಪದ ಶುಕ್ಲ ಚತುರ್ಥಿ ಅಥವಾ ಪಂಚಮಿಯಂದು ಸಂವತ್ಸರಿಯನ್ನಾಚರಿಸಿ ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ. ದಿಗಂಬರರು ಪಂಚಮಿಯಂದು ಉತ್ತಮ ಕ್ಷಮಾ ಧರ್ಮದಿಂದ ದಶಲಕ್ಷಣ ಪರ್ವವನ್ನಾರಂಭಿಸಿ, ಪರ್ವ ಮುಗಿದ ಬಳಿಕ ಕ್ಷಮಾವಣಿಯಂದು ಪರಸ್ಪರ ಕ್ಷಮೆ ಬೇಡುತ್ತಾರೆ. ದಿನ ಬೇರೆಯಾದರೂ ಭಾವ ಒಂದೇ. ಆದರೆ ಕುಂದುರ್ಪಿ, ಕಲ್ಯಾಣದುರ್ಗ, ಹಿಂದೂಪುರಗಳಂತಹ ಗಡಿನೆಲದಲ್ಲಿ ನಮ್ಮ ಮನೆಮಾತು ಮಾರವಾಡಿ, ಗುಜರಾತಿ ಅಥವಾ ಕನ್ನಡ. ಅಂಗಡಿಯ ಮಾತು ತೆಲುಗು, ಕನ್ನಡ. ಪ್ರತಿಕ್ರಮಣದ ಮಾತು ಪ್ರಾಕೃತ. ನೊಂದವನಿಗೆ ತಿಳಿಯದ ಭಾಷೆಯಲ್ಲಿ ಬೇಡಿದ ಕ್ಷಮೆಯು ಅವನನ್ನು ಮುಟ್ಟುವುದೇ?

ಒಂದೊಂದು ನುಡಿಯ ಸೌಜನ್ಯ ಒಂದೊಂದು ಬಗೆ. ತೆಲುಗಿನವರು ‘ಏಮನುಕೋಕಂಡಿ’ ಎನ್ನುತ್ತಾರೆ, ಎಂದರೆ ಏನೂ ಅಂದುಕೊಳ್ಳಬೇಡಿ. ಕನ್ನಡದಲ್ಲಿ ‘ಬೇಸರ ಮಾಡಿಕೊಳ್ಳಬೇಡಿ’. ಎರಡೂ ಎದುರಿನವರ ಮನಸ್ಸನ್ನು ಸಂತೈಸುತ್ತವೆ, ಆದರೆ ಮಾಡಿದ ಕೆಲಸದ ಪ್ರಸ್ತಾಪವಿಲ್ಲ. ‘ತಪ್ಪಾಯಿತು’ ಎಂಬಲ್ಲಿ ತಪ್ಪು ತಾನಾಗಿಯೇ ಆದಂತಿದೆ! ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮ ಪದ್ಧತಿಯೇ ಇವೆಲ್ಲಕ್ಕಿಂತ ಸ್ಪಷ್ಟವೆಂದು ನನಗೆ ತೋರುತ್ತದೆ. ಅದಕ್ಕೆ ಯಾವ ಭಾಷೆಯೂ ಬೇಡ. ಹೊರದೇಶಗಳಲ್ಲಿ ಜಪಾನಿನವರು ಕ್ಷಮೆಗೂ ಕೃತಜ್ಞತೆಗೂ ‘ಸುಮಿಮಾಸೆನ್’ ಎನ್ನುವರು. ‘ಇನ್ನೂ ತೀರಿಲ್ಲ’ ಎಂಬುದು ಅದರ ಮೂಲಾರ್ಥ. ಬಾಕಿಯ ಲೆಕ್ಕ ಬಲ್ಲ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

‘ಮಿಚ್ಛಾಮಿ ದುಕ್ಕಡಂ’ ಎಂಬುದರ ಸಂಸ್ಕೃತ ರೂಪ ‘ಮಿಥ್ಯಾ ಮೇ ದುಷ್ಕೃತಮ್’, ನನ್ನ ದುಷ್ಕೃತ್ಯವು ನಿಷ್ಫಲವಾಗಲಿ. ‘ನನ್ನ’ ಎಂಬ ಒಂದು ಪದವಿರುವುದರಿಂದ ಮಾಡಿದವನು ಜಾರಿಕೊಳ್ಳುವಂತಿಲ್ಲ. ಆದರೆ ಯಾರಿಗೆ ನೋವಾಯಿತೆಂಬುದು ಇಲ್ಲಿ ಬರುವುದಿಲ್ಲ. ಆ ಕೊರತೆಯನ್ನು ತುಂಬಲೆಂದೇ ಹಿರಿಯರು ಮನೆಮನೆಗೆ ಹೋಗಿ ಕೈಮುಗಿಯುತ್ತಿದ್ದರು. ಈಗ ಒಂದೇ ಚಿತ್ರವು ಮೊಬೈಲಿನಿಂದ ನೂರಾರು ಬಂಧುಗಳಿಗೆ ಹೋಗುತ್ತದೆ. ಅವರಲ್ಲಿ ಹೆಚ್ಚಿನವರಿಗೆ ವರ್ಷವಿಡೀ ನಾವು ನೋವುಂಟುಮಾಡುವಷ್ಟು ಭೇಟಿಯಾಗಿಯೂ ಇರುವುದಿಲ್ಲ.

ದಿನನಿತ್ಯ ನಮ್ಮ ಬಿರುಸು ಮಾತನ್ನು ಕೇಳುವವರು ಮೂಟೆ ಹೊರುವ ಹಮಾಲರು, ಕಡಲೆಕಾಯಿ ತಂದು ತೂಕಕ್ಕಾಗಿ ಕಾಯುವ ರೈತರು, ಮನೆಗೆಲಸದವರು. ಆಳುಗಳಲ್ಲಿ ಕ್ಷಮೆ ಕೇಳಿದರೆ ಸದರವಾಗುತ್ತದೆ ಎಂಬ ವಾದವನ್ನು ಕೇಳಿದ್ದೇನೆ. ಈ ಅಂಜಿಕೆ ಎಲ್ಲೆಡೆಯೂ ಇದೆ. ಕ್ಷಮೆ ಕೇಳಿದರೆ ನ್ಯಾಯಾಲಯದಲ್ಲಿ ಸಿಕ್ಕಿಬೀಳುವೆವೆಂದು ಜನ ಬಾಯಿಬಿಡದಿರುವುದನ್ನು ಕಂಡು, ಕೆನಡಾದ ಒಂಟಾರಿಯೊ ಪ್ರಾಂತ್ಯವು 2009ರಲ್ಲಿ ಕ್ಷಮಾಯಾಚನೆಯನ್ನು ಸಿವಿಲ್ ವ್ಯಾಜ್ಯದಲ್ಲಿ ತಪ್ಪಿನ ಸಾಕ್ಷ್ಯವಾಗಿ ಬಳಸಬಾರದೆಂದು ಶಾಸನ ಮಾಡಿತು. ನಮ್ಮ ಗದ್ದುಗೆಯಿಂದಿಳಿದು ಎರಡು ಮಾತಾಡಲು ಶಾಸನದ ರಕ್ಷಣೆ ಬೇಕೇ? ಇನ್ನು ತೂಕದಲ್ಲಿ ಮೋಸವಾಗಿದ್ದರೆ ಮಾತು ಸಾಲದು. ಹೆಚ್ಚುಕಡಿಮೆ ತೂಕ, ಅಳತೆಗಳನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಆ ಬಾಕಿಯನ್ನು ಹಣದಲ್ಲಿಯೇ ತೀರಿಸಬೇಕು.

ನೆಲದ ಭಾಷೆಯಲ್ಲಿ ನಡೆದುಕೊಳ್ಳುವುದು ಈ ಸೀಮೆಯ ಜೈನರಿಗೆ ಹೊಸತಲ್ಲ. ಮಡಕಶಿರ ಸೀಮೆಯ ಅಮರಾಪುರದಲ್ಲಿ ಮಲ್ಲಿಸೆಟ್ಟಿ ಎಂಬ ಶ್ರಾವಕನು ಜಿನಾಲಯಕ್ಕೆ ಅಡಕೆಮರಗಳನ್ನು ದತ್ತಿ ಬಿಟ್ಟುದನ್ನು 1278ರ ಶಾಸನವು ಕನ್ನಡದಲ್ಲಿಯೇ ಸಾರುತ್ತದೆ.

ಆದುದರಿಂದ ಟ್ರಸ್ಟಿನ ಕ್ಷಮಾಪತ್ರವನ್ನು ಹಿಂದಿಯ ಜೊತೆಗೆ ಕನ್ನಡ, ತೆಲುಗುಗಳಲ್ಲಿಯೂ ಮುದ್ರಿಸಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ. ಅಕ್ಷರ ಬಾರದ ಹಮಾಲರಿಗೆ ಪತ್ರ ಬೇಡ. ಪರ್ವದ ಮರುದಿನ ಮೊದಲ ಮೂಟೆ ಇಳಿಸುವ ಮುನ್ನ ಯಜಮಾನರೇ ಅವರ ಮುಂದೆ ನಿಂತು, ಅವರ ಮಾತಿನಲ್ಲಿ, ಹೆಸರು ಹಿಡಿದು ಕೇಳಲಿ.