ಕಾರಣ ಬೇರೆ, ತಪ್ಪು ಬೇರೆ

ಸಂಗೊಳ್ಳಿ ಎಂದರೆ ಎಲ್ಲರಿಗೂ ರಾಯಣ್ಣ ನೆನಪಾಗುತ್ತಾನೆ. ರಾಣಿ ಚೆನ್ನಮ್ಮನಿಗಾಗಿ ಹೋರಾಡಿದವನ ಊರು ನಮ್ಮದು. ಅದೇ ಊರಿನಲ್ಲಿ ನನ್ನ ಚಿಗವ್ವನಿಗೆ ಮೂರನೆಯದೂ ಹೆಣ್ಣಾದಾಗ ಬಾಣಂತಿಯನ್ನು ನೋಡಲು ಬಂದವರೆಲ್ಲ ನಿಟ್ಟುಸಿರು ಬಿಟ್ಟೇ ಹೋದರು. ‘ಆಕಿ ಹೊಟ್ಟ್ಯಾಗ ಗಂಡ ಇಲ್ಲ ಬಿಡ್ರಿ’ ಎಂದರು ಒಬ್ಬರು.

ತಳಿವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನಗೆ ಸುಮ್ಮನಿರಲಾಗಲಿಲ್ಲ. ಹಾಳೆಯ ಮೇಲೆ ಎಕ್ಸ್, ವೈ ಬರೆದು ತೋರಿಸಿದೆ. ತಾಯಿಯಿಂದ ಬರುವುದು ಎಕ್ಸ್ ಕ್ರೋಮೋಸೋಮ್ ಮಾತ್ರ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಅಂದಮೇಲೆ ಚಿಗವ್ವನದೇನೂ ತಪ್ಪಿಲ್ಲ ಎಂದೆ.

ಎಲ್ಲರೂ ಹೋದ ಮೇಲೆ ಚಿಗವ್ವ ಕೂಸಿಗೆ ಹಾಲೂಡಿಸುತ್ತ ಕೇಳಿದಳು: ‘ಹಂಗಾರ ತಪ್ಪ ನಿಮ್ಮ ಕಾಕಾಂದು ಅಂದಂಗಾತು. ನನ್ನ ಮಗಳು ಹುಟ್ಟಿದ್ದ ತಪ್ಪು ಅನ್ನೂದು ಹಂಗ ಉಳೀತಲ್ಲವಾ?’

ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪಿನ ಗಂಟನ್ನು ಒಬ್ಬರ ಹೆಗಲಿನಿಂದ ಇಳಿಸಿ ಇನ್ನೊಬ್ಬರ ಹೆಗಲಿಗೆ ಹೊರಿಸಿದ್ದೆನೇ ಹೊರತು, ಗಂಟು ಬಿಚ್ಚಿ ನೋಡಿರಲಿಲ್ಲ.

ಆಮೇಲೆ ನನಗೆ ನೆನಪಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ತಳಿವಿಜ್ಞಾನಿ ಎಚ್. ಶರತ್ ಚಂದ್ರ. ಅವರು ಅಧ್ಯಯನ ಮಾಡಿದ ಜೀವಿಗಳಲ್ಲಿ ಗಿಡಗಳಿಗೆ ಅಂಟುವ ಹಿಟ್ಟು ತಿಗಣೆಯೂ ಒಂದು. ಅದರಲ್ಲಿ ವೈ ಎಂಬುದೇ ಇಲ್ಲ. ತಂದೆತಾಯಿ ಇಬ್ಬರಿಂದಲೂ ಒಂದೊಂದು ಕಂತೆ ಕ್ರೋಮೋಸೋಮ್ ಬರುತ್ತದೆ. ಗಂಡಾಗುವ ಭ್ರೂಣದಲ್ಲಿ ತಂದೆಯ ಕಂತೆ ಮೌನವಾಗಿಬಿಡುತ್ತದೆ. ಸಸ್ತನಿಗಳಲ್ಲೂ ಇಂಥ ಮೌನವೊಂದಿದೆ. ಹೆಣ್ಣಿನ ಜೀವಕೋಶದ ಎರಡು ಎಕ್ಸ್‌ಗಳಲ್ಲಿ ಒಂದು ಸುಮ್ಮನಾಗುತ್ತದೆ ಎಂದು ಮೇರಿ ಲಯನ್ 1961ರಲ್ಲಿ ಹೇಳಿದ್ದರು. ಶರತ್ ಚಂದ್ರ ಮತ್ತು ಸ್ಪೆನ್ಸರ್ ಬ್ರೌನ್ 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನ ಸಸ್ತನಿಗಳ ಎಕ್ಸ್ ಕ್ರೋಮೋಸೋಮಿಗೂ ಇಂಥ ‘ಅಚ್ಚು’ ಇರಬಹುದೇ ಎಂದು ಚರ್ಚಿಸಿತು.

ತಂದೆಯ ಕ್ರೋಮೋಸೋಮ್ ಒಂದು ಜೀವಿಯಲ್ಲಿ ಮೌನವಾಗಿ ಗಂಡಾಗುತ್ತದೆ, ಇನ್ನೊಂದರಲ್ಲಿ ವೈ ಬಂದು ಗಂಡಾಗುತ್ತದೆ. ಎರಡೂ ಕಡೆ ಕಾರಣವಿದೆ. ತಪ್ಪು ಎಲ್ಲಿದೆ? ತಿಗಣೆಯ ಅಪ್ಪನನ್ನು ಯಾರೂ ಬೈಯುವುದಿಲ್ಲ.

ನನ್ನ ವಾದ ಎಷ್ಟು ಪೊಳ್ಳೆಂದು ತಿಳಿಯಲು ಇನ್ನೊಂದು ಉದಾಹರಣೆ ಸಾಕು. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗದ ದೋಷ ಇರುವುದು ಎಕ್ಸ್‌ನಲ್ಲಿ. ಮಗನಿಗೆ ಎಕ್ಸ್ ಬರುವುದು ತಾಯಿಯಿಂದ. ‘ತಾಯಿಯಿಂದ ಬಂದಿಲ್ಲ, ಆದ್ದರಿಂದ ಅವಳ ತಪ್ಪಿಲ್ಲ’ ಎನ್ನುವುದಾದರೆ, ಇಲ್ಲಿ ತಾಯಿಯೇ ತಪ್ಪಿತಸ್ಥೆ ಎನ್ನಬೇಕಾಗುತ್ತದೆ. ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಆಯ್ಕೆಯೇ ಇಲ್ಲದ ಕಡೆ ಹೊಣೆಯೂ ಇಲ್ಲ.

ಆಯ್ಕೆ ಇರುವ ಕಡೆ ಮಾತ್ರ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ. ಭ್ರೂಣದ ಕ್ರೋಮೋಸೋಮ್ ದೋಷ ಪತ್ತೆಮಾಡಲು 1970ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದ ಗರ್ಭಜಲ ಪರೀಕ್ಷೆಯನ್ನು ಹೆಣ್ಣುಭ್ರೂಣ ಹುಡುಕಿ ತೆಗೆಸಲು ಬಳಸಿದರು. ತಡೆಯಲು ಸಂಸತ್ತು 1994ರಲ್ಲಿ ಕಾಯ್ದೆ ತರಬೇಕಾಯಿತು. ಕ್ರೋಮೋಸೋಮಿನ ಪಾಠ ಗೊತ್ತಿಲ್ಲದವರು ಬಾಣಂತಿಯನ್ನು ಹಳಿದರೆ, ಚೆನ್ನಾಗಿ ಗೊತ್ತಿದ್ದವರು ಆ ಪರೀಕ್ಷೆ ಮಾಡಿದರು. ಹೆಣ್ಣು ಹುಟ್ಟಬಾರದಿತ್ತು ಎಂಬ ಮಾತನ್ನು ಇಬ್ಬರೂ ಪ್ರಶ್ನಿಸಲಿಲ್ಲ. ಅಂದು ನಾನೂ ಪ್ರಶ್ನಿಸಿರಲಿಲ್ಲ, ನಾನೇ ಒಬ್ಬ ಹೆಣ್ಣಾಗಿದ್ದೂ.

ತಾಯಿಯನ್ನು ಬೈಯುವವರಿಗೆ ಎಕ್ಸ್-ವೈ ಪಾಠ ಇನ್ನೂ ಹೇಳಬೇಕು, ಹೇಳುತ್ತೇನೆ. ಆದರೆ ಅದು ಎರಡನೆಯ ಮಾತು. ಮೊದಲ ಮಾತನ್ನು ನಾನು ಚಿಗವ್ವನಿಗೆ ಮರುದಿನ ಹೇಳಿದೆ: ‘ಕೂಸು ಬಾಳ ಚಂದ ಐತಿ ಚಿಗವ್ವಾ. ಏನ ಹೆಸರಿಡ್ತಿ?’